ಕ್ಷ-ಕಿರಣವೂ ಜೀವಕೋಶವೂ

ಕ್ಷ-ಕಿರಣಗಳ ಪಾಠವನ್ನು ಮುಗಿಸಿದ ಒಂದು ದಿನ, ಹನೂರಿನ ಕಡೆಯಿಂದ ಕೊಳ್ಳೇಗಾಲಕ್ಕೆ ಓದಲು ಬರುವ ವಿದ್ಯಾರ್ಥಿಯೊಬ್ಬನು, ತರಗತಿ ಬಿಟ್ಟ ಮೇಲೆ ನಮ್ಮ ಬಳಿಗೆ ಬಂದು ನಿಂತನು. ಅವನ ಅಜ್ಜಿಗೆ ಬಾಯಿಯ ಕ್ಯಾನ್ಸರು. ಆಕೆ ಬಹುಕಾಲ ಎಲೆಯಡಿಕೆಯೊಡನೆ ಕಡ್ಡಿಪುಡಿಯನ್ನು ಅಗಿಯುತ್ತಿದ್ದವರು. ಮೈಸೂರಿನಲ್ಲಿ ವಿಕಿರಣ ಚಿಕಿತ್ಸೆ ನಡೆಯುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಈ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎಂದು ಹೆಸರು. ಮೂರನೆಯ ವಾರದ ಹೊತ್ತಿಗೆ ಅಜ್ಜಿಯ ಬಾಯೆಲ್ಲ ಹುಣ್ಣಾಗಿ, ಕೆನ್ನೆಯ ಚರ್ಮ ಕಪ್ಪಾಗಿ, ಇನ್ನು ಸಾಕೆಂದು ಆಕೆ ಹಟ ಹಿಡಿದಿದ್ದರು. ಮನೆಯಲ್ಲಿ ಕೆಲವರು ಆಕೆಯ ತಟ್ಟೆಲೋಟಗಳನ್ನು ಬೇರೆಯಿಟ್ಟು, ಮಕ್ಕಳನ್ನು ಹತ್ತಿರ ಬಿಡದಂತೆ ಮಾಡಿದ್ದರು.

ವಿದ್ಯಾರ್ಥಿಯ ಪ್ರಶ್ನೆಗಳು ಎರಡು. ಅಜ್ಜಿಯ ಮೈಯಲ್ಲಿ ಆ ಕಿರಣಗಳು ಉಳಿದುಕೊಂಡು ಇತರರಿಗೆ ತಗಲುತ್ತವೆಯೆ? ರೋಗವನ್ನು ಕೊಲ್ಲುವ ಕಿರಣವೇ ಆದರೆ ಒಂದೆರಡು ದಿನದಲ್ಲಿ ಕೊಟ್ಟು ಮುಗಿಸದೆ ಆರು ವಾರ ಎಳೆಯುವುದೇಕೆ, ನಡುವೆ ಬಿಟ್ಟರೆ ನಷ್ಟವೇನು?

ಈ ಪ್ರಶ್ನೆಗಳಿಗೆ ಹೌದು, ಅಲ್ಲ ಎಂದಷ್ಟೇ ಉತ್ತರ ಹೇಳಿ ಕಳುಹಿಸಿದರೆ ಭಯವು ಹೋಗುವುದಿಲ್ಲ. ಕಿರಣವು ಜೀವಕೋಶದೊಳಗೆ ಹೊಕ್ಕಾಗ ಅಲ್ಲಿ ಏನು ನಡೆಯುತ್ತದೆಂಬುದನ್ನು ನೋಡಿದರೆ ಎರಡಕ್ಕೂ ಉತ್ತರವು ತಾನಾಗಿಯೇ ದೊರೆಯುತ್ತದೆ. ಆದುದರಿಂದ ಈ ಲೇಖನದಲ್ಲಿ ಆ ವಿಚಾರವನ್ನೇ ಕ್ರಮವಾಗಿ ಪರಿಶೀಲಿಸೋಣ.

ಅರ್ಧ ಚಮಚ ಕಾಫಿಯ ಶಾಖ

ವಿಕಿರಣದ ಪ್ರಮಾಣವನ್ನು ಅಳೆಯುವ ಏಕಮಾನಕ್ಕೆ ‘ಗ್ರೇ’ ಎಂದು ಹೆಸರು. ಲೂಯಿ ಹೆರಾಲ್ಡ್ ಗ್ರೇ ಎಂಬ ಇಂಗ್ಲಿಷ್ ಭೌತವಿಜ್ಞಾನಿಯ ನೆನಪಿಗಾಗಿ ಈ ಹೆಸರನ್ನು 1975ರಲ್ಲಿ ಅಂಗೀಕರಿಸಿದರು. ಒಂದು ಕಿಲೋಗ್ರಾಂ ವಸ್ತುವು ವಿಕಿರಣದಿಂದ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಇಡೀ ದೇಹಕ್ಕೆ ಒಮ್ಮೆಲೇ ಸುಮಾರು 4 ಗ್ರೇ ಬಿದ್ದು, ಯಾವ ಚಿಕಿತ್ಸೆಯೂ ದೊರೆಯದಿದ್ದರೆ, ಹಾಗೆ ಕಿರಣಕ್ಕೆ ಸಿಕ್ಕವರಲ್ಲಿ ಅರ್ಧದಷ್ಟು ಮಂದಿ ಎರಡು ತಿಂಗಳೊಳಗೆ ಸಾಯುವರೆಂದು ಲೆಕ್ಕ.

ಈಗ ಈ 4 ಗ್ರೇ ಎಷ್ಟು ಶಕ್ತಿಯೆಂದು ನೋಡೋಣ. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನಿಗೆ ಅದು 240 ಜೂಲ್ ಆಯಿತು. ಅರವತ್ತು ಡಿಗ್ರಿ ಉಷ್ಣತೆಯ ಕಾಫಿಯನ್ನು ಅರ್ಧ ಚಮಚ ಕುಡಿದರೆ ಅದು ದೇಹದ ಉಷ್ಣತೆಗೆ ಇಳಿಯುವಷ್ಟರಲ್ಲಿ ಕೊಡುವ ಶಾಖವೂ ಸುಮಾರು ಇಷ್ಟೆ. ಈ ಶಕ್ತಿ ದೇಹವೆಲ್ಲಕ್ಕೂ ಶಾಖವಾಗಿ ಹರಡಿದರೆ ದೇಹದ ಉಷ್ಣತೆ ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಭಾಗದಷ್ಟು ಏರೀತು. ಹಾಗಾದರೆ ಅರ್ಧ ಚಮಚ ಕಾಫಿಯಲ್ಲಿ ನಿರಪಾಯವಾಗಿರುವ ಶಕ್ತಿಯು ವಿಕಿರಣದ ರೂಪದಲ್ಲಿ ಬಂದಾಗ ಪ್ರಾಣವನ್ನೇ ತೆಗೆಯುವುದು ಹೇಗೆ?

ಒಂದು ಬುಟ್ಟಿ ಮರಳನ್ನು ಹೆಂಚಿನ ಮಾಡಿನ ಮೇಲೆ ಚೆಲ್ಲಿದರೆ ಒಂದು ಹೆಂಚೂ ಒಡೆಯುವುದಿಲ್ಲ. ಅಷ್ಟೇ ತೂಕದ ಒಂದು ಕಲ್ಲನ್ನು ಅಷ್ಟೇ ಎತ್ತರದಿಂದ ಹಾಕಿದರೆ ಅದು ಬಿದ್ದ ಕಡೆ ಹೆಂಚು ಪುಡಿಯಾಗುತ್ತದೆ. ಶಾಖವು ಚೆಲ್ಲಿದ ಮರಳಿನಂತೆ. ಕೋಟ್ಯನುಕೋಟಿ ಅಣುಗಳಿಗೆ ಚೂರುಚೂರಾಗಿ ಹಂಚಿಹೋಗುತ್ತದೆ. ಕ್ಷ-ಕಿರಣ, ಗಾಮಾ ಕಿರಣಗಳು ಕಲ್ಲಿನಂತೆ. ಎರಡು ಪರಮಾಣುಗಳನ್ನು ಹಿಡಿದಿರುವ ರಾಸಾಯನಿಕ ಬಂಧವೊಂದನ್ನು ಮುರಿಯಲು ಕೆಲವೇ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕ್ಷ-ಕಿರಣದ ಒಂದೊಂದು ಫೋಟಾನಿನಲ್ಲಿಯೂ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಅದು ಪರಮಾಣುವೊಂದನ್ನು ತಾಗಿ ಎಲೆಕ್ಟ್ರಾನನ್ನು ಹೊರಗೆ ಚಿಮ್ಮಿಸುತ್ತದೆ. ಚಿಮ್ಮಿದ ಎಲೆಕ್ಟ್ರಾನು ತನ್ನ ದಾರಿಯಲ್ಲಿ ಸಿಕ್ಕ ಇತರ ಪರಮಾಣುಗಳಿಂದ ಮತ್ತಷ್ಟು ಎಲೆಕ್ಟ್ರಾನುಗಳನ್ನು ಕೀಳುತ್ತ ಹೋಗುತ್ತದೆ. ಇದಕ್ಕೆ ಅಯಾನೀಕರಣವೆಂದು ಹೆಸರು. ಹೀಗೆ ಒಟ್ಟು ಶಕ್ತಿ ಅಲ್ಪವಾದರೂ, ಅದು ಬಿದ್ದ ಜಾಗದಲ್ಲಿ ಅಪಾರವಾಗಿರುತ್ತದೆ. ವಿಕಿರಣದ ವಿಚಾರದಲ್ಲಿ ನಾವು ಮೊದಲು ಕೇಳಬೇಕಾದ ಪ್ರಶ್ನೆ, ಅದು ಬಿದ್ದದ್ದು ಎಲ್ಲಿ ಎಂಬುದು.

ನೀರು ಒಡೆದಾಗ

ಜೀವಕೋಶದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಭಾಗ ನೀರು. ಆದುದರಿಂದ ಹೆಚ್ಚಿನ ಪೆಟ್ಟುಗಳು ಬೀಳುವುದು ನೀರಿನ ಅಣುಗಳಿಗೇ. ಪೆಟ್ಟು ತಿಂದ ನೀರಿನ ಅಣು ಒಡೆದು, ಒಂದು ಆಮ್ಲಜನಕ ಮತ್ತು ಒಂದು ಜಲಜನಕ ಪರಮಾಣುಗಳು ಸೇರಿದ, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನುಳ್ಳ ಒಂದು ತುಣುಕು ಉಂಟಾಗುತ್ತದೆ. ಇದೇ ಹೈಡ್ರಾಕ್ಸಿಲ್ ರ್‍ಯಾಡಿಕಲ್. ಇದಕ್ಕೆ ಅತ್ಯಂತ ಆತುರ. ಹತ್ತಿರ ಸಿಕ್ಕ ಯಾವ ಅಣುವಿನಿಂದಲಾದರೂ ಒಂದು ಜಲಜನಕ ಪರಮಾಣುವನ್ನು ಕಿತ್ತುಕೊಳ್ಳದೆ ಬಿಡದು. ಜೀವಕೋಶದೊಳಗೆ ಇದರ ಆಯುಸ್ಸು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಭಾಗ ಮಾತ್ರ. ಅಷ್ಟರಲ್ಲಿ ಅದು ಸಾಗುವ ದೂರವೂ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವು ಭಾಗವಷ್ಟೆ.

ಕ್ಷ-ಕಿರಣವು ಜೀವಕೋಶದ ಮುಖ್ಯ ಅಣುಗಳಿಗೆ ಮಾಡುವ ಹಾನಿಯಲ್ಲಿ ಮೂರರಲ್ಲಿ ಎರಡು ಪಾಲು ನೇರವಾದ ಪೆಟ್ಟಿನಿಂದಲ್ಲದೆ ಈ ನೀರಿನ ತುಣುಕುಗಳ ಮೂಲಕ ನಡೆಯುತ್ತದೆ. ಬಳಿಯಲ್ಲಿ ಆಮ್ಲಜನಕವಿದ್ದರೆ ಅದು ಗಾಯಗೊಂಡ ಅಣುವಿಗೆ ಅಂಟಿಕೊಂಡು ಗಾಯವನ್ನು ಶಾಶ್ವತಗೊಳಿಸುತ್ತದೆ. ಆಮ್ಲಜನಕ ದೊರೆಯದ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ವಿಕಿರಣ ಬೇಕಾಗುತ್ತದೆ.

ಇದೆಲ್ಲ ನಡೆದು ಮುಗಿಯಲು ರೆಪ್ಪೆ ಬಡಿಯುವಷ್ಟು ಕಾಲವೂ ಬೇಡ. ಯಂತ್ರವನ್ನು ನಿಲ್ಲಿಸಿದ ಕ್ಷಣವೇ ಕಿರಣವು ನಿಲ್ಲುತ್ತದೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ, ಹೊರಗಿನ ಯಂತ್ರದಿಂದ ಕ್ಷ-ಕಿರಣ ಅಥವಾ ಗಾಮಾ ಕಿರಣವನ್ನು ಪಡೆದವರ ಮೈಯಲ್ಲಿಯೂ ಕಿರಣವು ಉಳಿಯುವುದಿಲ್ಲ. ಉಳಿಯುವುದು ಅದು ಮಾಡಿಹೋದ ಗಾಯ ಮಾತ್ರ. ಗಾಯವು ಇನ್ನೊಬ್ಬರಿಗೆ ಅಂಟುವುದಿಲ್ಲ. ಇದು ವಿದ್ಯಾರ್ಥಿಯ ಮೊದಲನೆಯ ಪ್ರಶ್ನೆಗೆ ಉತ್ತರ. ಥೈರಾಯ್ಡ್ ಗ್ರಂಥಿಯ ರೋಗಕ್ಕೆಂದು ವಿಕಿರಣಶೀಲ ಅಯೋಡಿನನ್ನು ಕುಡಿಸಿದಾಗ ಮಾತ್ರ ವಸ್ತುವೇ ದೇಹದೊಳಗೆ ಇರುವುದರಿಂದ ಕೆಲವು ದಿನ ದೂರವಿರಬೇಕೆಂದು ವೈದ್ಯರೇ ಹೇಳಿ ಕಳುಹಿಸುತ್ತಾರೆ. ಅಜ್ಜಿಗೆ ಕೊಡುತ್ತಿದ್ದುದು ಅಂಥದಲ್ಲ.

ಕಿಣ್ವಗಳಿಗೆ ಏನಾಗುತ್ತದೆ?

ಜೀವಕೋಶದ ಕೆಲಸಗಳನ್ನೆಲ್ಲ ಮಾಡುವ ಆಳುಗಳು ಕಿಣ್ವಗಳು. ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆಹುಳುವಿನ ಹೊಟ್ಟೆಯಲ್ಲಿ ಜೀರ್ಣಿಸುವುದು ಕಿಣ್ವ. ಆ ಸಾರದಿಂದ ರೇಷ್ಮೆಯ ದಾರವನ್ನು ಕಟ್ಟುವ ಒಂದೊಂದು ಹೆಜ್ಜೆಯಲ್ಲಿಯೂ ಕಿಣ್ವ. ಕೊನೆಗೆ ಚಿಟ್ಟೆಯು ಗೂಡನ್ನು ತೂತುಮಾಡಿಕೊಂಡು ಹೊರಬರುವಾಗ ಉಗುಳಿ ಗೂಡಿನ ಗೋಡೆಯನ್ನು ಮೆತ್ತಗೆ ಮಾಡುವ ದ್ರವದಲ್ಲಿರುವುದೂ ಕಿಣ್ವವೇ. ಕಿಣ್ವವೆಂದರೆ ಉದ್ದನೆಯ ಪ್ರೊಟೀನಿನ ಸರಪಳಿ ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡು ಆದ ಒಂದು ಅಣು. ಅದರ ಮಡಿಕೆಯಲ್ಲಿ ಒಂದು ಸಣ್ಣ ಕುಳಿಯಿರುತ್ತದೆ; ಕೆಲಸ ನಡೆಯುವುದು ಅಲ್ಲಿ. ಸರಪಳಿಯ ಮುಖ್ಯವಾದ ಒಂದು ಕೊಂಡಿ ಕೆಟ್ಟರೂ ಮಡಿಕೆ ಸಡಲಿ ಕಿಣ್ವವು ನಿಷ್ಕ್ರಿಯವಾಗಬಹುದು. ಗಂಧಕವನ್ನೊಳಗೊಂಡ ಕೊಂಡಿಗಳಂತೂ ಬಹಳ ಸುಲಭವಾಗಿ ಪೆಟ್ಟಿಗೆ ಸಿಕ್ಕುತ್ತವೆ.

1940ರಲ್ಲಿ ಇಂಗ್ಲೆಂಡಿನ ಡೇಲ್ ಎಂಬ ವಿಜ್ಞಾನಿಯು ನೀರಿನಲ್ಲಿ ಕರಗಿಸಿದ ಕಿಣ್ವಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದನು. ದ್ರಾವಣವನ್ನು ಎಷ್ಟು ತೆಳುಮಾಡಿದರೂ, ಒಂದು ಗೊತ್ತಾದ ಪ್ರಮಾಣದ ಕಿರಣಕ್ಕೆ ನಿಷ್ಕ್ರಿಯವಾಗುವ ಕಿಣ್ವದ ಅಣುಗಳ ಸಂಖ್ಯೆ ಮಾತ್ರ ಒಂದೇ ಆಗಿದ್ದಿತು. ಕಿರಣವು ನೇರವಾಗಿ ಕಿಣ್ವವನ್ನೇ ಹೊಡೆಯುತ್ತಿದ್ದರೆ, ಕಿಣ್ವ ಕಡಿಮೆಯಿರುವಲ್ಲಿ ಸತ್ತ ಅಣುಗಳೂ ಕಡಿಮೆಯಾಗಬೇಕಾಗಿತ್ತು. ಹಾಗಾಗಲಿಲ್ಲವೆಂದರೆ, ಕಿರಣದಿಂದ ಹುಟ್ಟಿದ ನಿಗದಿಯಾದ ಸಂಖ್ಯೆಯ ನೀರಿನ ತುಣುಕುಗಳೇ ಹೋಗಿ ಕಿಣ್ವವನ್ನು ಕೆಡಿಸುತ್ತಿವೆಯೆಂದು ಅರ್ಥ. ಅದೇ ದ್ರಾವಣಕ್ಕೆ ಬೇರೆ ಪದಾರ್ಥವನ್ನು ಬೆರೆಸಿದರೆ ಅದು ಪೆಟ್ಟಿನಲ್ಲಿ ಪಾಲು ತೆಗೆದುಕೊಂಡು ಕಿಣ್ವವನ್ನು ಕಾಪಾಡುವುದೆಂಬುದೂ ಗೊತ್ತಾಯಿತು.

ಗಾಜಿನ ನಳಿಗೆಯಲ್ಲಿ ಹೀಗೆ ಸುಲಭವಾಗಿ ಕೆಡುವ ಕಿಣ್ವವು ಜೀವಕೋಶದೊಳಗೆ ಬಹಳ ಗಟ್ಟಿಗ. ಅಲ್ಲಿ ಪ್ರೊಟೀನು, ಸಕ್ಕರೆ, ಲವಣಗಳು ಜಾತ್ರೆಯ ಜನದಂತೆ ಒತ್ತಿಕೊಂಡಿರುವುದರಿಂದ ಪೆಟ್ಟು ಹಂಚಿಹೋಗುತ್ತದೆ. ಒಂದೊಂದು ಬಗೆಯ ಕಿಣ್ವದ ಅಣುಗಳೂ ನೂರಾರು, ಸಾವಿರಾರು ಇರುವುದರಿಂದ ಹತ್ತಿಪ್ಪತ್ತು ಕೆಟ್ಟರೆ ಕೆಲಸ ನಿಲ್ಲುವುದಿಲ್ಲ.

ಇದಕ್ಕೆ ಅಡಿಗೆಮನೆಯ ಪದಾರ್ಥವೇ ಸಾಕ್ಷಿ. ಆಲೂಗೆಡ್ಡೆಗೆ ಸುಮಾರು 100 ಗ್ರೇ ಗಾಮಾ ಕಿರಣವನ್ನು ಹಾಯಿಸಿದರೆ ಅದು ಮುಂದೆ ಮೊಳೆಯುವುದಿಲ್ಲ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಲ್ಲಿ ಈರುಳ್ಳಿಯನ್ನು ಹೀಗೆ ಸಂಸ್ಕರಿಸುವ ಕೇಂದ್ರವಿದೆ. ಆ ಗೆಡ್ಡೆ ಸತ್ತಿರುವುದಿಲ್ಲ. ಉಸಿರಾಡುತ್ತಲೇ ಇರುತ್ತದೆ, ಅದರ ಕಿಣ್ವಗಳು ದುಡಿಯುತ್ತಲೇ ಇರುತ್ತವೆ. ಆದರೆ ಮೊಳಕೆಯ ಕೋಶಗಳಿಗೆ ಇಬ್ಭಾಗವಾಗುವ ಶಕ್ತಿ ಇಲ್ಲ. ಆಹಾರದಲ್ಲಿನ ಸೂಕ್ಷ್ಮಜೀವಿಗಳೆಲ್ಲ ಸಾಯುವಂತೆ 25,000 ಗ್ರೇಗಿಂತ ಹೆಚ್ಚು ಕೊಟ್ಟರೂ ಆಹಾರದ ಕಿಣ್ವಗಳಲ್ಲಿ ಬಹುಭಾಗ ಉಳಿದೇ ಇರುತ್ತವೆ. ಆದುದರಿಂದ ಅಂಥ ಆಹಾರವನ್ನು ಮೊದಲು ಬಿಸಿಮಾಡಿ, ಕಿಣ್ವಗಳನ್ನು ಶಾಖದಿಂದಲೇ ನಿಲ್ಲಿಸಬೇಕಾಗುತ್ತದೆ. 4 ಗ್ರೇ ಸಾಕು ಮನುಷ್ಯನ ಪ್ರಾಣಕ್ಕೆ. ಅವನ ಕಿಣ್ವಗಳಿಗೆ ಸಾವಿರಾರು ಗ್ರೇ ಸಾಲದು. ಹಾಗಾದರೆ ಕಿರಣದ ನಿಜವಾದ ಗುರಿ ಬೇರೆಲ್ಲೋ ಇರಬೇಕಷ್ಟೆ.

ರೇಷ್ಮೆಯ ಮೊಟ್ಟೆಯ ಸಾಕ್ಷ್ಯ

ಆ ಗುರಿಯನ್ನು ತೋರಿಸಿಕೊಟ್ಟ ಜೀವಿಗಳಲ್ಲಿ ನಮ್ಮ ಸೀಮೆಯವರಿಗೆಲ್ಲ ಪರಿಚಿತವಾದ ರೇಷ್ಮೆಹುಳುವೂ ಒಂದು. ಕೊಳ್ಳೇಗಾಲವು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗಲೂ ರೇಷ್ಮೆಗೆ ಹೆಸರಾಗಿದ್ದ ಊರು; ‘ಕೊಳ್ಳೇಗಾಲ ಜವಾನ್’ ಎಂಬ ಹೆಸರಿನ ರೇಷ್ಮೆಹುಳು ತಳಿಯೂ ಉಂಟು. ಹನೂರು, ಯಳಂದೂರುಗಳ ಕಡೆಯ ವಿದ್ಯಾರ್ಥಿಗಳಲ್ಲಿ ಹಲವರು ಚಂದ್ರಿಕೆಯ ಮೇಲೆ ಹಣ್ಣುಹುಳು ಬಿಟ್ಟು ಅಭ್ಯಾಸವಿದ್ದವರು. ಅವರಿಗೆ ಈ ಪ್ರಯೋಗವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1930 ಮತ್ತು 1940ರ ದಶಕಗಳಲ್ಲಿ ರಷ್ಯದ ಬೋರಿಸ್ ಅಸ್ತೌರೊವ್ ಎಂಬ ಜೀವವಿಜ್ಞಾನಿಯು ರೇಷ್ಮೆಯ ಹೆಣ್ಣು ಚಿಟ್ಟೆಗಳ ಮೇಲೆ ಭಾರಿ ಪ್ರಮಾಣದ ಕ್ಷ-ಕಿರಣಗಳನ್ನು ಹಾಯಿಸಿದನು. ಮನುಷ್ಯನನ್ನು ಕೊಲ್ಲುವ ಪ್ರಮಾಣದ ಅನೇಕ ಪಟ್ಟು ಅದು. ಮೊಟ್ಟೆಯ ನಡುವಣ ಕೋಶಕೇಂದ್ರವೂ ಅದರ ಸುತ್ತಲಿನ ಕೋಶದ್ರವ್ಯವೂ ಒಂದೇ ಸಮನಾಗಿ ಕಿರಣಕ್ಕೆ ಸಿಕ್ಕಿದವು. ಅನಂತರ ಅವನು ಈ ಹೆಣ್ಣುಗಳನ್ನು ಕಿರಣ ತಾಗದ ಗಂಡುಗಳೊಡನೆ ಕೂಡಿಸಿ, ಇಟ್ಟ ಮೊಟ್ಟೆಗಳಿಗೆ ಗೊತ್ತಾದ ಹೊತ್ತಿನಲ್ಲಿ ಶಾಖ ಕೊಟ್ಟನು. ರೇಷ್ಮೆಯ ಒಂದು ಮೊಟ್ಟೆಯೊಳಗೆ ಹಲವು ಶುಕ್ರಾಣುಗಳು ಹೊಗುವುದುಂಟು. ತಾಯಿಯ ಕೋಶಕೇಂದ್ರವು ನಾಶವಾಗಿದ್ದ ಕಾರಣ, ಶಾಖದ ಪ್ರೇರಣೆಯಿಂದ ತಂದೆಯ ಎರಡು ಶುಕ್ರಾಣುಗಳ ಕೇಂದ್ರಗಳೇ ಒಂದುಗೂಡಿ ಭ್ರೂಣಕ್ಕೆ ಮೊದಲಾದವು. ಅಂಥ ಮೊಟ್ಟೆಗಳು ಒಡೆದು ಹುಳುಗಳು ಬಂದವು. ಸೊಪ್ಪು ತಿಂದವು, ಜ್ವರಗಳನ್ನು ದಾಟಿದವು, ಗೂಡು ಕಟ್ಟಿದವು. ಎಲ್ಲವೂ ತಂದೆಯ ಲಕ್ಷಣಗಳನ್ನೇ ಹೊತ್ತ ಗಂಡುಗಳು.

ಇದರ ಅರ್ಥವನ್ನು ವಾಚಕರು ಗಮನಿಸಬೇಕು. ಆ ಹುಳುಗಳು ಹುಟ್ಟಿದುದು ಭಯಂಕರವಾದ ಕಿರಣವನ್ನುಂಡ ಕೋಶದ್ರವ್ಯದಲ್ಲಿ. ಅಲ್ಲಿನ ಕಿಣ್ವಗಳು, ಪೊರೆಗಳು, ಉಸಿರಾಟದ ಕಣಗಳಾದ ಮೈಟೊಕಾಂಡ್ರಿಯಗಳು ಎಲ್ಲವೂ ಪೆಟ್ಟು ತಿಂದವೇ. ಆದರೂ ಹೊರಗಿನಿಂದ ಒಂದು ಆರೋಗ್ಯಕರವಾದ ಕೇಂದ್ರ ಬಂದೊಡನೆ ಬದುಕು ಸಾಗಿತು. ಇದಕ್ಕೆ ತದ್ವಿರುದ್ಧವಾಗಿ, ತಾಯಿಯನ್ನು ಬಿಟ್ಟು ಗಂಡಿಗೆ ಮಾತ್ರ ಸಾಕಷ್ಟು ಕಿರಣ ಹಾಯಿಸಿದರೆ, ಶುಕ್ರಾಣುವಿನಲ್ಲಿ ಕೋಶದ್ರವ್ಯ ಎನ್ನುವಷ್ಟು ಏನೂ ಇಲ್ಲದಿದ್ದರೂ, ಮೊಟ್ಟೆಗಳು ಒಡೆಯದೆ ಸಾಯುತ್ತವೆ. ಹೀಗೆ ಕಿರಣದ ಪೆಟ್ಟು ಪ್ರಾಣಕ್ಕೆ ಎರವಾಗುವುದು ಕೋಶಕೇಂದ್ರದಲ್ಲಿ ಎಂಬುದು ಸ್ಪಷ್ಟವಾಯಿತು.

ಕೋಶಕೇಂದ್ರದಲ್ಲಿರುವ ವರ್ಣತಂತುಗಳು ಕ್ಷ-ಕಿರಣದಿಂದ ತುಂಡಾಗುತ್ತವೆ. ತುಂಡುಗಳು ಕೆಲವು ವೇಳೆ ತಪ್ಪಾಗಿ ಜೋಡಿಕೊಳ್ಳುತ್ತವೆ. ಜಪಾನಿನ ತಾಜಿಮಾ ಎಂಬ ವಿಜ್ಞಾನಿ 1940ರ ದಶಕದ ಆರಂಭದಲ್ಲಿ ಈ ದೋಷವನ್ನೇ ಉಪಯೋಗಕ್ಕೆ ತಿರುಗಿಸಿದನು. ಹುಳುವಿನ ಮೈಮೇಲೆ ಮಚ್ಚೆಯನ್ನು ಮೂಡಿಸುವ ವರ್ಣತಂತುವಿನ ತುಂಡೊಂದು ಕ್ಷ-ಕಿರಣದಿಂದ ಮುರಿದು, ಹೆಣ್ಣಿನಲ್ಲಿ ಮಾತ್ರ ಇರುವ ವರ್ಣತಂತುವಿಗೆ ಅಂಟಿಕೊಂಡ ತಳಿಯನ್ನು ಅವನು ಪಡೆದನು. ಆ ತಳಿಯಲ್ಲಿ ಮಚ್ಚೆಯುಳ್ಳದ್ದೆಲ್ಲ ಹೆಣ್ಣು, ಮಚ್ಚೆಯಿಲ್ಲದ್ದೆಲ್ಲ ಗಂಡು. ಬಿತ್ತನೆ ಕೋಠಿಗಳಲ್ಲಿ ಗಂಡುಹೆಣ್ಣುಗಳನ್ನು ಬೇರ್ಪಡಿಸುವ ಶ್ರಮವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ದಾರವೂ ರಟ್ಟಿನ ಪಟ್ಟಿಯೂ

ಕೋಶದ್ರವ್ಯಕ್ಕೂ ಕೇಂದ್ರಕ್ಕೂ ಇಷ್ಟು ಅಂತರವೇಕೆ? ಕೊಳ್ಳೇಗಾಲದ ರೇಷ್ಮೆ ಸೀರೆಯ ಮಗ್ಗವನ್ನು ನೋಡಿದರೆ ಇದನ್ನು ತಿಳಿಯಬಹುದು. ಜಕಾರ್ಡ್ ಮಗ್ಗದ ಮೇಲುಗಡೆ, ತೂತು ಹೊಡೆದ ರಟ್ಟುಗಳನ್ನು ಸರವಾಗಿ ಪೋಣಿಸಿರುತ್ತಾರೆ. ಸೆರಗಿನಲ್ಲಿ ಯಾವ ಹೂವು, ಯಾವ ಬಳ್ಳಿ ಮೂಡಬೇಕೆಂಬುದು ಆ ತೂತುಗಳಲ್ಲಿಯೇ ಅಡಗಿದೆ. ನೇಯುವಾಗ ಒಂದು ದಾರ ಕಿತ್ತರೆ ನೇಕಾರನು ಗಂಟು ಹಾಕಿ ಮುಂದುವರಿಯುತ್ತಾನೆ. ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಅಲ್ಲಿಂದ ಮುಂದೆ ನೇಯುವ ಪ್ರತಿಯೊಂದು ಸೀರೆಯಲ್ಲಿಯೂ ಅದೇ ತಪ್ಪು.

ಕಿಣ್ವಗಳು ದಾರಗಳಿದ್ದಂತೆ, ಹಲವು ಉಂಟು, ಕೆಟ್ಟರೆ ಹೊಸದನ್ನು ಮಾಡಿಕೊಳ್ಳಬಹುದು. ವರ್ಣತಂತುಗಳಲ್ಲಿರುವ ಡಿ.ಎನ್.ಎ. ರಟ್ಟಿನ ಸರವಿದ್ದಂತೆ. ಕಿಣ್ವಗಳನ್ನು ಮಾಡುವ ಕ್ರಮವೂ ಅದರಲ್ಲಿಯೇ ಬರೆದಿದೆ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು ಎರಡು ಮೀಟರ್ ಉದ್ದದ ಡಿ.ಎನ್.ಎ., ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಕೇಂದ್ರದಲ್ಲಿ ಸುತ್ತಿಕೊಂಡಿದೆ. ಅದರ ಪ್ರತಿಯೊಂದು ಮಾತಿಗೂ ಇರುವುದು ಎರಡೇ ಪ್ರತಿ. ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಗ್ರೇ ಕ್ಷ-ಕಿರಣ ಬಿದ್ದರೆ ಅಂಥ ಒಂದು ಕೋಶದ ಡಿ.ಎನ್.ಎ.ಯಲ್ಲಿ ಸುಮಾರು 1,000 ಕಡೆ ಒಂದು ಎಳೆಯೂ, 20ರಿಂದ 40 ಕಡೆ ಎರಡೂ ಎಳೆಗಳೂ ಕಡಿದುಹೋಗುತ್ತವೆ.

ಹೀಗೆ ಗಾಯಗೊಂಡ ಕೋಶವು ಕೂಡಲೇ ಸಾಯುವುದಿಲ್ಲ. ಕಿಣ್ವಗಳು ಇರುವವರೆಗೆ ಎಂದಿನಂತೆ ಕೆಲಸ ಮಾಡಿಕೊಂಡಿರುತ್ತದೆ. ಇಬ್ಭಾಗವಾಗುವ ಹೊತ್ತು ಬಂದಾಗ ಮುರಿದ ವರ್ಣತಂತುಗಳು ಸರಿಯಾಗಿ ಹಂಚಿಹೋಗದೆ ಕೋಶವು ನಾಶವಾಗುತ್ತದೆ. ಆದುದರಿಂದಲೇ ಬೇಗಬೇಗ ಇಬ್ಭಾಗವಾಗುವ ಕೋಶಗಳಿಗೆ ಕಿರಣದ ಪೆಟ್ಟು ಹೆಚ್ಚು. ರಕ್ತವನ್ನು ಹುಟ್ಟಿಸುವ ಮೂಳೆಯ ಮಜ್ಜೆ, ಕರುಳಿನ ಒಳಪದರ, ಬಾಯಿಯ ಒಳಪದರ, ಕೂದಲಿನ ಬುಡ, ಬೆಳೆಯುತ್ತಿರುವ ಭ್ರೂಣ — ಇವು ಆ ಗುಂಪಿಗೆ ಸೇರಿದವು. ಎಲ್ಲಕ್ಕೂ ಮಿಗಿಲಾಗಿ, ಇಬ್ಭಾಗವಾಗುವುದನ್ನೇ ಕಸುಬು ಮಾಡಿಕೊಂಡ ಕ್ಯಾನ್ಸರ್ ಕೋಶಗಳೂ ಇದೇ ಗುಂಪಿನವು. ಅಜ್ಜಿಯ ಬಾಯಿ ಮೊದಲ ದಿನವೇ ಹುಣ್ಣಾಗದೆ ಎರಡು ಮೂರು ವಾರಗಳ ಮೇಲೆ ಹುಣ್ಣಾದುದಕ್ಕೆ ಕಾರಣವೂ ಇದೇ. ಹಳೆಯ ಪದರ ಸವೆದುಹೋಗುವಾಗ ಅದರ ಜಾಗವನ್ನು ತುಂಬಬೇಕಾದ ಹೊಸ ಕೋಶಗಳು ಹುಟ್ಟಿರುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಉಳಿದ ಕೋಶಗಳು ಬೆಳೆದು ಹುಣ್ಣು ಸಾಮಾನ್ಯವಾಗಿ ಮಾಯುತ್ತದೆ.

ದುರಸ್ತಿ ಮಾಡುವ ಕಿಣ್ವಗಳು

ಇಲ್ಲಿಯವರೆಗೆ ನೋಡಿದರೆ ಕಿಣ್ವಗಳಿಗೆ ಈ ಕಥೆಯಲ್ಲಿ ಹೆಚ್ಚಿನ ಪಾತ್ರವಿಲ್ಲವೆಂದು ತೋರಬಹುದು. ವಾಸ್ತವವಾಗಿ ಗಾಯವಾಗುವುದು ಡಿ.ಎನ್.ಎ.ಗೆ ಆದರೂ, ಕೋಶದ ಅಳಿವು ಉಳಿವುಗಳನ್ನು ತೀರ್ಮಾನಿಸುವುದು ಕಿಣ್ವಗಳೇ. ಹರಿದ ರಟ್ಟನ್ನು ತಿದ್ದಬಲ್ಲ ಆಳುಗಳೂ ಕೋಶದಲ್ಲಿದ್ದಾರೆ. ಒಂದು ಕಿಣ್ವ ಕೆಟ್ಟ ಭಾಗವನ್ನು ಗುರುತಿಸಿ ಕತ್ತರಿಸುತ್ತದೆ. ಇನ್ನೊಂದು ಎದುರಿನ ಎಳೆಯನ್ನು ನೋಡಿಕೊಂಡು ಖಾಲಿ ಜಾಗವನ್ನು ತುಂಬುತ್ತದೆ. ಮತ್ತೊಂದು ತುದಿಗಳನ್ನು ಬೆಸೆಯುತ್ತದೆ. ವಿಕಿರಣವೇ ಇಲ್ಲದಿದ್ದರೂ, ಉಸಿರಾಟ, ಶಾಖ ಮೊದಲಾದ ಸಹಜ ಕಾರಣಗಳಿಂದಲೇ ನಮ್ಮ ಒಂದೊಂದು ಕೋಶದ ಡಿ.ಎನ್.ಎ.ಗೂ ದಿನವೂ ಸಾವಿರಾರು ಗಾಯಗಳಾಗುತ್ತವೆ. ಅವೆಲ್ಲ ಹೀಗೆ ವಾಸಿಯಾಗುತ್ತಿರುತ್ತವೆ. ಈ ದುರಸ್ತಿಯ ಕ್ರಮಗಳನ್ನು ಬಿಡಿಸಿ ತೋರಿಸಿದುದಕ್ಕಾಗಿ ತೋಮಾಸ್ ಲಿಂಡಾಲ್, ಪಾಲ್ ಮೊಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಿಕ ದೊರೆಯಿತು.

ಒಂದು ಎಳೆ ಮಾತ್ರ ಕಡಿದಿದ್ದರೆ ಎದುರಿನ ಎಳೆಯ ಮಾದರಿಯಿರುವುದರಿಂದ ದುರಸ್ತಿ ಸುಲಭ. ಎರಡೂ ಎಳೆಗಳು ಒಂದೇ ಕಡೆ ಕಡಿದರೆ ಕಷ್ಟ. ಆಗ ತಪ್ಪುಗಳಾಗುವ ಸಂಭವ ಹೆಚ್ಚು. ಅಂಥ ಕಡಿತವನ್ನು ಕಂಡುಹಿಡಿದು ಇತರ ಪ್ರೊಟೀನುಗಳಿಗೆ ಸುದ್ದಿ ಮುಟ್ಟಿಸುವ ಎ.ಟಿ.ಎಂ. ಎಂಬ ಕಿಣ್ವವೊಂದಿದೆ. ಹುಟ್ಟಿನಿಂದಲೇ ಈ ಕಿಣ್ವವಿಲ್ಲದವರು ಅಪರೂಪವಾಗಿ ಕಂಡುಬರುತ್ತಾರೆ. ಇತರರು ತಡೆದುಕೊಳ್ಳುವ ಚಿಕಿತ್ಸೆಯ ಪ್ರಮಾಣವು ಅವರಿಗೆ ತೀವ್ರವಾದ ಅಪಾಯವನ್ನು ತರುತ್ತದೆ. ಕಿರಣ ಅದೇ, ಡಿ.ಎನ್.ಎ.ಯೂ ಅದೇ, ಇಲ್ಲದಿರುವುದು ಒಂದು ಕಿಣ್ವ ಮಾತ್ರ.

ಇದರ ಇನ್ನೊಂದು ಕೊನೆಯಲ್ಲಿ ‘ಡೈನೊಕಾಕಸ್ ರೇಡಿಯೊಡ್ಯೂರಾನ್ಸ್’ ಎಂಬ ಸೂಕ್ಷ್ಮಜೀವಿ ಇದೆ. 1956ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಕಿರಣ ಹಾಯಿಸಿದ ಮಾಂಸದ ಡಬ್ಬಿಯೊಂದು ಕೆಟ್ಟುಹೋದಾಗ ಇದು ಬೆಳಕಿಗೆ ಬಂದಿತು. 5,000 ಗ್ರೇ ಬಿದ್ದರೂ ಇದು ಬದುಕುತ್ತದೆ. ಅದರ ಡಿ.ಎನ್.ಎ. ನೂರಾರು ಚೂರುಗಳಾದರೂ ಕೆಲವೇ ಗಂಟೆಗಳಲ್ಲಿ ಮತ್ತೆ ಜೋಡಣೆಯಾಗುತ್ತದೆ. ಈ ಜೀವಿಯಲ್ಲಿ ಮ್ಯಾಂಗನೀಸಿನ ಸಂಯುಕ್ತಗಳು ಪ್ರೊಟೀನುಗಳನ್ನು ನೀರಿನ ತುಣುಕುಗಳ ದಾಳಿಯಿಂದ ಕಾಪಾಡುತ್ತವೆಯೆಂದು ಸಂಶೋಧನೆಗಳು ತೋರಿಸಿವೆ. ದುರಸ್ತಿಯ ಆಳುಗಳು ಉಳಿದರೆ ಚೂರಾದ ಗ್ರಂಥವನ್ನೂ ಮತ್ತೆ ಹೊಲಿಯಬಹುದು.

ಕಂತುಕಂತಾಗಿ ಕೊಡುವುದೇಕೆ?

1959ರಲ್ಲಿ ಅಮೆರಿಕದ ಎಲ್‌ಕೈಂಡ್ ಮತ್ತು ಸಟನ್ ಎಂಬಿಬ್ಬರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಪ್ರಾಣಿಕೋಶಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಒಂದೇ ಸಲಕ್ಕೆ ಕೊಟ್ಟ ಕಿರಣವನ್ನು ಎರಡು ಪಾಲು ಮಾಡಿ ಕೆಲವು ಗಂಟೆಗಳ ಅಂತರದಲ್ಲಿ ಕೊಟ್ಟರೆ ಹೆಚ್ಚು ಕೋಶಗಳು ಬದುಕುಳಿಯುವುದನ್ನು ಕಂಡರು. ನಡುವಣ ಗಂಟೆಗಳಲ್ಲಿ ದುರಸ್ತಿ ನಡೆದಿರುತ್ತದೆ. ಆರೋಗ್ಯಕರವಾದ ಕೋಶಗಳ ದುರಸ್ತಿಯ ವ್ಯವಸ್ಥೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಅನೇಕವೇಳೆ ಅದು ಕೆಟ್ಟಿರುತ್ತದೆ. ಆದುದರಿಂದ ಬಾಯಿಯ ಕ್ಯಾನ್ಸರಿನಂಥ ರೋಗಕ್ಕೆ ದಿನಕ್ಕೆ ಸುಮಾರು 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರು ಏಳು ವಾರ ಕೊಡುವುದು ರೂಢಿ. ಒಟ್ಟು 60 ಗ್ರೇಗೂ ಮಿಕ್ಕಿದರೂ ಅದು ಪ್ರಾಣಕ್ಕೆ ಎರವಾಗದಿರುವುದಕ್ಕೆ ಎರಡು ಕಾರಣಗಳು: ಕಿರಣವು ಬೀಳುವುದು ಒಂದು ಸಣ್ಣ ಭಾಗಕ್ಕೆ ಮಾತ್ರ, ಮತ್ತು ಒಂದೊಂದು ಕಂತಿನ ನಡುವೆಯೂ ಸುತ್ತಲಿನ ಆರೋಗ್ಯಕರವಾದ ಕೋಶಗಳಿಗೆ ದುರಸ್ತಿಗೆ ಬಿಡುವಿರುತ್ತದೆ.

ಈಗ ನಡುವೆ ಬಿಟ್ಟರೆ ಆಗುವ ನಷ್ಟವನ್ನು ಒಂದು ಸರಳವಾದ ಲೆಕ್ಕದಿಂದ ನೋಡೋಣ. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಕೋಶಗಳಿರುವುವೆಂದು ಹಿಡಿಯೋಣ. ಒಂದು ದಿನದ ಕಂತು ಅವುಗಳಲ್ಲಿ ಅರ್ಧವನ್ನು ಕೊಲ್ಲುವುದೆಂದು ಇಟ್ಟುಕೊಂಡರೆ, ಹತ್ತು ದಿನಗಳಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಅಂದರೆ ಹತ್ತು ಲಕ್ಷ. ಇಪ್ಪತ್ತು ದಿನಗಳ ಮೇಲೆ ಉಳಿಯುವುದು ಸುಮಾರು ಒಂದು ಸಾವಿರ. ಆ ಹೊತ್ತಿಗೆ ಗಡ್ಡೆ ಕಣ್ಣಿಗೆ ಕಾಣದಂತೆ ಕರಗಿರಬಹುದು, ನೋವೂ ಇಳಿದಿರಬಹುದು. ಮನೆಯವರು ವಾಸಿಯಾಯಿತೆಂದು ತಿಳಿಯುವುದು ಆಗಲೇ. ಆದರೆ ಉಳಿದ ಒಂದು ಸಾವಿರ ಕೋಶಗಳು ಮತ್ತೆ ಇಮ್ಮಡಿಸುತ್ತ ಹೋಗುತ್ತವೆ. ಮೂವತ್ತನೆಯ ದಿನದವರೆಗೆ ಹೋದರೆ ಮಾತ್ರ ಉಳಿಯುವ ಲೆಕ್ಕ ಒಂದಕ್ಕೆ ಇಳಿಯುತ್ತದೆ. ನಿಜವಾದ ರೋಗದಲ್ಲಿ ಲೆಕ್ಕವು ಇಷ್ಟು ನೇರವಾಗಿರುವುದಿಲ್ಲ; ಗಡ್ಡೆಯ ಗಾತ್ರ, ಅದರ ಜಾತಿ, ಆಮ್ಲಜನಕದ ಪೂರೈಕೆ ಇವೆಲ್ಲ ಸೇರುತ್ತವೆ. ಆದರೂ ಕೊನೆಯ ಹತ್ತು ದಿನಗಳು ಮೊದಲ ಹತ್ತು ದಿನಗಳಷ್ಟೇ ಬೆಲೆಯುಳ್ಳವೆಂಬ ತತ್ತ್ವ ಇದರಿಂದ ಮನಸ್ಸಿಗೆ ಬರುತ್ತದೆ. ನಡುನಡುವೆ ದಿನ ತಪ್ಪಿಸಿದರೂ ಆ ಬಿಡುವಿನಲ್ಲಿ ಗಡ್ಡೆ ಮತ್ತೆ ಬೆಳೆದುಕೊಳ್ಳುತ್ತದೆ.

ಭಯವೂ ಎಚ್ಚರವೂ

ವಿಕಿರಣವು ನಮ್ಮ ಬದುಕಿಗೆ ಹೊಸದೇನೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಬಂಡೆಯಲ್ಲಿ, ಕಾವೇರಿಯ ಮರಳಿನಲ್ಲಿ, ನಾವುಣ್ಣುವ ರಾಗಿಯಲ್ಲಿ ಎಷ್ಟೋ ಅಲ್ಪ ಪ್ರಮಾಣದಲ್ಲಿ ವಿಕಿರಣಶೀಲ ಪರಮಾಣುಗಳಿವೆ. ನಮ್ಮ ದೇಹದಲ್ಲಿಯೇ ಪ್ರತಿ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಪೊಟ್ಯಾಸಿಯಂ ಪರಮಾಣುಗಳು ವಿಕಿರಣವನ್ನು ಹೊರಸೂಸುತ್ತಿರುತ್ತವೆ. ನಿಸರ್ಗದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬರುವ ಪ್ರಮಾಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಸೀವರ್ಟ್ ಎಂಬುದು ದೇಹಕ್ಕಾಗುವ ಪರಿಣಾಮವನ್ನು ಗಣನೆಗೆ ತೆಗೆದುಕೊಂಡು ಅಳೆಯುವ ಏಕಮಾನ. ಎದೆಯ ಒಂದು ಕ್ಷ-ಕಿರಣ ಚಿತ್ರಕ್ಕೆ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ವೈದ್ಯರು ಬೇಕೆಂದಾಗ ಇದಕ್ಕೆ ಹೆದರಬೇಕಾಗಿಲ್ಲ. ಹೊಟ್ಟೆಯ ಸಿ.ಟಿ. ಸ್ಕ್ಯಾನಿನಲ್ಲಿ ಇದರ ಹಲವು ಹತ್ತು ಪಟ್ಟು ಬೀಳುವುದರಿಂದ, ಅಗತ್ಯವಿಲ್ಲದೆ ಅದನ್ನು ಮತ್ತೆ ಮತ್ತೆ ಮಾಡಿಸುವುದು ತರವಲ್ಲ. ಹೆಂಗಸರು ಗರ್ಭಿಣಿಯಾಗಿರುವ ಸಂಭವವಿದ್ದರೆ ಚಿತ್ರ ತೆಗೆಯುವ ಮೊದಲೇ ಹೇಳಬೇಕು. ದುರಸ್ತಿಯಲ್ಲಿ ಆದ ಒಂದು ತಪ್ಪು ಕೋಶವನ್ನು ಕೊಲ್ಲದೆ ಉಳಿದು, ವರ್ಷಗಳ ಮೇಲೆ ಕ್ಯಾನ್ಸರಿಗೆ ಬೀಜವಾಗುವ ಸಾಧ್ಯತೆ ಸಣ್ಣದಾದರೂ ಇದ್ದೇ ಇದೆ. ಅದೇ ಕಿರಣವು ಇರುವ ಕ್ಯಾನ್ಸರನ್ನು ವಾಸಿಮಾಡುವಾಗ ಈ ಸಣ್ಣ ಅಪಾಯವನ್ನು ಒಪ್ಪಿಕೊಳ್ಳುವುದು ವಿವೇಕ.

ಆ ಸಾಯಂಕಾಲ ನಾವು ಕಪ್ಪುಹಲಗೆಯ ಮೇಲೆ ನೂರು ಕೋಟಿಯನ್ನು ಬರೆದು, ಅರ್ಧ, ಅರ್ಧದ ಅರ್ಧ ಎಂದು ಮೂವತ್ತು ಸಲ ಭಾಗಿಸಿ ತೋರಿಸಿದೆವು. ವಿದ್ಯಾರ್ಥಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಹೋದನು. ಹುಣ್ಣಿಗೆ ಏನು ಮಾಡಬೇಕೆಂದು ಚಿಕಿತ್ಸೆ ಕೊಡುವ ವೈದ್ಯರನ್ನೇ ಕೇಳಬೇಕೆಂದೂ, ಅವರಿಗೆ ಹೇಳದೆ ಒಂದು ದಿನವನ್ನೂ ತಪ್ಪಿಸಬಾರದೆಂದೂ ತಿಳಿಸಿದ್ದೆವು. ಮುಂದಿನ ಸೋಮವಾರದಿಂದ ಅಜ್ಜಿ ಮತ್ತೆ ಮೈಸೂರಿಗೆ ಹೋಗತೊಡಗಿದರೆಂದೂ, ಬಸ್ಸಿನಲ್ಲಿ ಜೊತೆಗೆ ತಾನೇ ಹೋಗುತ್ತಿರುವೆನೆಂದೂ ಅವನು ಬಂದು ಹೇಳಿದನು. ಅಜ್ಜಿಯ ತಟ್ಟೆಯನ್ನು ಮತ್ತೆ ಎಲ್ಲರ ತಟ್ಟೆಗಳ ಜೊತೆಗೇ ಇಟ್ಟಿದ್ದರಂತೆ.

ಹನೂರಿನಿಂದಾಗಲಿ ಯಳಂದೂರಿನಿಂದಾಗಲಿ ಆರು ವಾರ ದಿನವೂ ಮೈಸೂರಿಗೋ ಬೆಂಗಳೂರಿಗೋ ಹೋಗಿಬರುವುದು, ಇಲ್ಲವೆ ಅಲ್ಲಿಯೇ ಉಳಿಯುವುದು ಬಡವರಿಗೆ ಸುಲಭದ ಮಾತಲ್ಲ. ಖರ್ಚಿಗೆ ಹೆದರಿ ಬಿಟ್ಟವರಿಗೆ ವಿಜ್ಞಾನದ ಪಾಠವೊಂದರಿಂದಲೇ ಪರಿಹಾರ ಸಿಕ್ಕದು. ಆದರೆ ಕಿರಣವು ಮೈಯಲ್ಲಿ ಉಳಿಯುತ್ತದೆಂದೋ, ಗಡ್ಡೆ ಕರಗಿತೆಂದೋ ಬಿಡುವವರಿಗೆ ಅದು ಸಿಕ್ಕೀತು. ಮನೆಯಲ್ಲಿ ಈ ಪಾಠವನ್ನು ಓದಿದವರು ನೀವೇ ಆಗಿರುವುದರಿಂದ, ಅದನ್ನು ಹಿರಿಯರಿಗೆ ತಿಳಿಯುವ ಮಾತಿನಲ್ಲಿ ಹೇಳುವ ಹೊಣೆಯೂ ನಿಮ್ಮದೇ.